ಹಾರವಾಡದ ಭಾನುವಾರದ ವಾಕಿಂಗ್

ನನಗೆ ಸಕ್ಕರೆ ಕಾಯಿಲೆ, ಪಕ್ಕದ ಮನೆ ತುಳಸಿದಾಸರಿಗೆ ಹಾರ್ಟಿನದು, ಅವರ ಹೆಂಡತಿ ಮಂಗಲಾಗೆ ಮಾತ್ರ ಏನೂ ಇರಲಿಲ್ಲ. ಆದರೂ ಬೆಳಿಗ್ಗೆ ನಮಗಿಂತ ಮೊದಲು ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಲ್ಲುತ್ತಿದ್ದವಳು ಅವಳೇ. ಗಂಡನನ್ನು ಒಂಟಿಯಾಗಿ ವಾಕಿಂಗಿಗೆ ಬಿಟ್ಟರೆ ಹೋಟೆಲಿಗೆ ನುಗ್ಗಿ ಬನ್ಸ್ ತಿಂದು ಬರುತ್ತಾರೆ ಎಂದು ಅವಳ ಸಂಶಯ. ಸಂಶಯ ಸುಳ್ಳೇನೂ ಅಲ್ಲ ಬಿಡಿ, ಒಂದೆರಡು ಸಲ ನಾನೂ ಜೊತೆಗೆ ಕೂತು ತಿಂದಿದ್ದೇನೆ.

ಕಾರವಾರದ ಹಬ್ಬುವಾಡದಲ್ಲಿ ನಮ್ಮ ಎರಡೂ ಮನೆಗೆ ಒಂದೇ ಕಂಪೌಂಡು. ನಾನು ಜಯಂತಿ, ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಎಲ್ಲರ ಬಾಯಲ್ಲೂ ಈಗಲೂ ಅಕ್ಕೋರು. ತುಳಸಿದಾಸರು ಬಿಣಗಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತರಾದವರು. ಅವರದು ಮೂಲದಲ್ಲಿ ಹಾರವಾಡದ ಮೀನುಗಾರರ ಮನೆ. ಅಪ್ಪ, ಅಜ್ಜ, ಚಿಕ್ಕಪ್ಪಂದಿರು ಎಲ್ಲ ಕಡಲಿಗೆ ಹೋದವರೇ. ಇವರೊಬ್ಬರು ಪ್ಯಾಂಟು ಹಾಕಿ ಕೆಲಸಕ್ಕೆ ಹೋದವರು. ಕಳೆದ ಮಳೆಗಾಲದಲ್ಲಿ ಎದೆನೋವು ಬಂದು, ಗೋವಾಕ್ಕೆ ಒಯ್ದು ಸ್ಟೆಂಟ್ ಹಾಕಿಸಿಕೊಂಡು ಬಂದರು. ಎಷ್ಟು ಬೇಕಾದರೂ ನಡೆಯಿರಿ, ಆದರೆ ಭಾರ ಎತ್ತಬೇಡಿ, ಜಗ್ಗಬೇಡಿ, ಹೃದಯ ಅದನ್ನು ತಡೆಯುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಖಡಾಖಂಡಿತ ಹೇಳಿದ್ದರಂತೆ. ಅವತ್ತಿನಿಂದ ಮಂಗಲಾ ಗಂಡನಿಗೆ ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲ. ಮಾರ್ಕೆಟ್ಟಿನ ಚೀಲವನ್ನೂ ಕೈಯಿಂದ ಕಸಿದುಕೊಳ್ಳುತ್ತಿದ್ದಳು. ಗಂಡ ಎದುರಿಗಿದ್ದರೆ ಸಾಕು ಅವಳಿಗೆ, ಬೇರೆ ಆಸೆಯೇ ಇರಲಿಲ್ಲ.

ವಾರವಿಡೀ ಕಾರವಾರದ ಬೀಚಿನಲ್ಲಿ ನಡೆದು ನಡೆದು ಬೇಜಾರಾಗಿ, ಭಾನುವಾರ ಬೇರೆ ಕಡೆ ಹೋಗುವ ಹುಚ್ಚು ಹಚ್ಚಿದವರು ತುಳಸಿದಾಸರು. ಬಸ್ಸು ಹತ್ತುವುದು, ಗುರುತಿಲ್ಲದ ದಂಡೆಯಲ್ಲಿ ಇಳಿಯುವುದು, ಬಂಡೆ ಹತ್ತಿ ಇಳಿಯುವುದು, ದಾರಿ ತಪ್ಪಿ ಯಾರದೋ ಗದ್ದೆ ಹಾಳಿಯ ಮೇಲೆ ಬೈಸಿಕೊಳ್ಳುವುದು. ಒಂದು ಸಲ ಮಾಜಾಳಿಯಲ್ಲಿ ನಾಯಿ ಬೆನ್ನು ಹತ್ತಿ, ಮೊಣಕಾಲು ನೋವು ಅಂತ ನರಳುವ ನಾನೇ ಎಲ್ಲರಿಗಿಂತ ಮುಂದೆ ಓಡಿದ್ದೆ. ತುಳಸಿದಾಸರು ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಆ ಮನುಷ್ಯ ನಕ್ಕರೆ ಮಂಗಲಾ ಗಂಡನ ಎದೆ ಕಡೆ ನೋಡುತ್ತಿದ್ದಳು.

ಅಕ್ಟೋಬರ್ ಬಂದ ಮೇಲೆ ಭಾನುವಾರ ಎಂದರೆ ಹಾರವಾಡವೇ ಆಯಿತು. ಅಲ್ಲಿ ರಂಪಣಿ ಶುರುವಾಗಿತ್ತು. ದೋಣಿಯಲ್ಲಿ ದೊಡ್ಡ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರ ಬಿಟ್ಟು, ಅದರ ಎರಡೂ ತುದಿಯ ಹಗ್ಗವನ್ನು ದಂಡೆಗೆ ತಂದು, ಊರಿನ ಗಂಡಸರು ಎರಡು ಸಾಲಾಗಿ ಎಳೆಯುತ್ತಾರೆ. ಆ ಬಲೆಯ ಯಜಮಾನ, ಅವರ ಭಾಷೆಯಲ್ಲಿ ತಾಂಡೇಲ, ತುಳಸಿದಾಸರ ಚಿಕ್ಕಪ್ಪನ ಮಗ ಕಾಶಿ. ಅಣ್ಣನಿಗೆ ದಾದಾ, ಅತ್ತಿಗೆಗೆ ವೈನಿ ಅನ್ನುವವ.

ಮೊದಲನೆಯ ಸಲ ನನಗೇನು ಗೊತ್ತು, ನಾನು ಗದ್ದೆ ಮನೆಯಲ್ಲಿ ಹುಟ್ಟಿದವಳು. ನೀರಿನಿಂದ ಗಾಳಿಮರದ ತನಕ ಹಗ್ಗ ಅಡ್ಡ ಇತ್ತು, ಸೀರೆ ಎತ್ತಿ ದಾಟಿಬಿಟ್ಟೆ. ಕಾಶಿ ಅಲ್ಲಿಂದಲೇ ಬೈದ. ಬಲೆ ನೀರಿನಲ್ಲಿರುವಾಗ ಹಗ್ಗ ದಾಟುವಂತಿಲ್ಲವಂತೆ. ಹೆಂಗಸರು ಮೇಲಿನಿಂದ ಸುತ್ತಿ ಹೋಗಬೇಕು. ಗಂಡಸಾದವ ಹಗ್ಗಕ್ಕೆ ಕೈ ಕೊಡದೆ ಮುಂದೆ ಹೋಗಬಾರದು, ಅವ ಕಲೆಕ್ಟರನೇ ಆಗಿರಲಿ. ಎಂತಾ ಕಾನೂನು ಮಾರಾಯ ಎಂದು ನಾನೂ ಎರಡು ಮಾತು ಆಡಿದೆ. ತಿರುಗಿ ನೋಡಿದರೆ ತುಳಸಿದಾಸರು ಹಗ್ಗದ ಈಚೆಗೇ ನಿಂತಿದ್ದರು. ದಾಟಲೂ ಆಗದೆ, ಹೆಂಗಸರ ದಾರಿ ಹಿಡಿಯಲೂ ಆಗದೆ ಅವರ ಮುಖ ಸಣ್ಣದಾಗಿತ್ತು.

ಮಂಗಲಾ ಕಣ್ಣು ಕೆಂಪು ಮಾಡಿದಳು. ಕೊನೆಗೆ ಕಾಶಿಯೇ ದಾರಿ ತೆಗೆದ. ದಾದಾ ಬರಿದೇ ಕೈ ಇಟ್ಟು ನಿಲ್ಲಲಿ, ಜಗ್ಗುವುದು ಬೇಡ, ಅಷ್ಟಾದರೂ ಶಾಸ್ತ್ರ ಆಯಿತು ಎಂದ. ಮಂಗಲಾ ಗಂಡನಿಂದ ಆಣೆ ಹಾಕಿಸಿಕೊಂಡು ಒಪ್ಪಿದಳು. ಅವತ್ತಿನಿಂದ ಪ್ರತಿ ಭಾನುವಾರ ಅವರು ಸಾಲಿನ ಕೊನೆಯಲ್ಲಿ ಹಗ್ಗದ ಮೇಲೆ ಕೈ ಇಟ್ಟುಕೊಂಡು ಹಿಂದೆ ಹಿಂದೆ ನಡೆಯುವುದು, ಮಂಗಲಾ ಗಂಡನ ಪಕ್ಕದಲ್ಲೇ ಕಾವಲು ನಡೆಯುವುದು. ಇದೂ ಒಂದು ವಾಕಿಂಗೇ ಅಲ್ಲವಾ ಅಕ್ಕೋರೆ ಎಂದು ನನ್ನ ಕಡೆ ನೋಡಿ ಹೇಳುತ್ತಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಹಬ್ಬುವಾಡದಲ್ಲಿ ಯಾವತ್ತೂ ನೋಡಿರಲಿಲ್ಲ.

ಆ ಭಾನುವಾರ ಬಲೆಗೆ ಸಿಕ್ಕಾಪಟ್ಟೆ ಬಂಗಡೆ ಬಿದ್ದಿತ್ತು. ನೀರು ಬೇರೆ ಬಲೆಯನ್ನು ಬಂಡೆಯ ಕಡೆಗೆ ಎಳೆಯುತ್ತಿತ್ತು. ಎಳೆಯುವವರು ಕಡಿಮೆ, ಹತ್ತಿರದಲ್ಲಿ ಯಾವುದೋ ಮದುವೆಗೆ ಅರ್ಧ ಜನ ಹೋಗಿದ್ದರು. ಮುಂದಿದ್ದ ಒಬ್ಬ ಕಾಲು ಜಾರಿ ಬಿದ್ದದ್ದೇ ತಡ, ಹಗ್ಗ ನೀರಿನ ಕಡೆ ಸರಸರ ಹೊರಟಿತು. ಎಲ್ಲರೂ ಅದರೊಂದಿಗೆ ಮುಂದಕ್ಕೆ ಮುಗ್ಗರಿಸಿದರು. ತುಳಸಿದಾಸರು ಮುಗ್ಗರಿಸಲಿಲ್ಲ. ಹಿಮ್ಮಡಿಯನ್ನು ಮರಳಿಗೆ ಊರಿ, ಹಗ್ಗವನ್ನು ಸೊಂಟಕ್ಕೆ ಸುತ್ತಿ, ಹಿಂದಕ್ಕೆ ಬಾಗಿ ಮೈಭಾರವನ್ನೆಲ್ಲ ಅದಕ್ಕೆ ಕೊಟ್ಟರು. ಹಗ್ಗ ನಿಂತಿತು. ಮಂಗಲಾ ಗಂಡನ ಅಂಗಿ ಹಿಡಿದು ಎಳೆದಳು, ಬೆನ್ನಿಗೆ ಗುದ್ದಿದಳು. ಅವರು ಹಲ್ಲು ಕಚ್ಚಿ ಕಡಲನ್ನೇ ನೋಡುತ್ತಿದ್ದರು.

ಮತ್ತೆ ಸಾಲು ಸರಿಯಾಗಿ ಹಗ್ಗ ಹಿಂದೆ ಬರಲು ಶುರುವಾದಾಗ ಅವರು ಕೂತರು. ಸುಸ್ತಾಯಿತೇನೋ ಎಂದುಕೊಂಡೆ. ಆಮೇಲೆ ಮಗ್ಗುಲಿಗೆ ವಾಲಿದರು. ಮಂಗಲಾ ಸೊಂಟದ ಹಗ್ಗ ಬಿಡಿಸಿ ಅವರ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವರು ಕಾಶಿಯ ಕಡೆ ನೋಡಿ "ಬಿಡಬೇಡ" ಎಂದರು. ಮತ್ತೆ ಮಾತಾಡಲಿಲ್ಲ.

"ಬಿಡಿ," ಎಂದು ಮಂಗಲಾ ಕೂಗಿದಳು. "ಹಗ್ಗ ಬಿಡು ಕಾಶಿ, ಗಾಡಿ ತೆಗಿ."

ದಂಡೆಯಲ್ಲಿದ್ದ ಗಾಡಿ ಒಂದೇ, ಮೀನು ಸಾಗಿಸುವ ಕಾಶಿಯ ಟೆಂಪೋ. ಕೀಲಿ ಅವನ ಸೊಂಟದಲ್ಲಿ. ಎಲ್ಲರೂ ಅವನ ಮುಖ ನೋಡಿದರು. ಅವ ಬಲೆಯನ್ನು ನೋಡಿದ. ಬಿಟ್ಟರೆ ಬಲೆ ಬಂಡೆಗೆ ಹೋಗಿ ಚಿಂದಿ, ಊರಿಗೆಲ್ಲ ಇದ್ದದ್ದು ಅದೊಂದೇ ಬಲೆ. "ಒಂದು ಗಳಿಗೆ ವೈನಿ, ದಡ ಮುಟ್ಟಲಿ," ಎಂದ. ದಾದಾ ಹೇಳಿದ್ದನ್ನು ಅವ ಕೇಳಿದ, ಇವಳು ಹೇಳಿದ್ದನ್ನಲ್ಲ. ನಾನು ಶಾಲೆಯ ತರಬೇತಿಯಲ್ಲಿ ಕಲಿತ ಹಾಗೆ ಎದೆ ಒತ್ತುತ್ತಲೇ ಇದ್ದೆ. ಬಲೆ ದಡ ಮುಟ್ಟಿದ ಮೇಲೆ ಅವ ಓಡಿ ಬಂದ. ಅವರನ್ನು ಎತ್ತಿ ಟೆಂಪೋದಲ್ಲಿ ಐಸಿನ ಪೆಟ್ಟಿಗೆಗಳ ನಡುವೆ ಮಲಗಿಸಿ ಅಂಕೋಲೆಗೆ ಹೊಡೆದ. ಅಷ್ಟು ಹುಚ್ಚು ಹಿಡಿದವರ ಹಾಗೆ ಗಾಡಿ ಓಡಿಸಿದ್ದನ್ನು ನಾನು ಕಂಡಿಲ್ಲ.

ಆಸ್ಪತ್ರೆಯಲ್ಲಿ ಕಾಶಿ ಗಾಡಿ ನಿಲ್ಲಿಸಲು ಹೋದಾಗ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಸ್ವಲ್ಪ ಮೊದಲೇ ತಂದಿದ್ದರೆ ಎಂದು ಮಂಗಲಾ ಕೇಳಿದಳು. ಇಲ್ಲಮ್ಮ, ಬಿದ್ದ ಜಾಗದಲ್ಲೇ ಜೀವ ಹೋಗಿದೆ, ಈ ಆಸ್ಪತ್ರೆಯ ಬಾಗಿಲಲ್ಲೇ ಬಿದ್ದಿದ್ದರೂ ನಾವು ಉಳಿಸಲು ಆಗುತ್ತಿರಲಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ನಾನೂ ಕೇಳಿಸಿಕೊಂಡೆ.

ಹೊರಗೆ ಬಂದರೆ ಕಾಶಿ ಬಾಗಿಲ ಹತ್ತಿರವೇ ನಿಂತಿದ್ದ. ಚಡ್ಡಿಯಿಂದ ಉಪ್ಪುನೀರು ಇನ್ನೂ ಇಳಿಯುತ್ತಿತ್ತು. ನಮ್ಮ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಮೆಲ್ಲಗೆ ಕೇಳಿದ, "ನಾ ಆವಾಗಲೇ ಹಗ್ಗ ಬಿಟ್ಟು ಬಂದಿದ್ರೆ, ವೈನಿ?"

ಮಂಗಲಾ ಅವನ ಕಣ್ಣಿಗೆ ಕಣ್ಣು ಕೊಟ್ಟು ನಿಂತಳು. "ಬದುಕ್ತಿದ್ರಂತೆ," ಎಂದಳು.

ಹಾಗಲ್ಲ ಎನ್ನಲು ಹೊರಟೆ. ಬಾಯಿ ತೆರೆಯುವ ಮೊದಲೇ ಅವಳು ನನ್ನ ಮಣಿಕಟ್ಟನ್ನು ಹಿಡಿದಿದ್ದಳು, ಬಳೆ ಚರ್ಮಕ್ಕೆ ಒತ್ತುವ ಹಾಗೆ. ಕಾಶಿ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ.

ಹನ್ನೆರಡನೆಯ ದಿನದ ಕಾರ್ಯಕ್ಕೂ ಅವ ಬರಲಿಲ್ಲ. ಬಲೆಯನ್ನು ನೀರಿಗೆ ಬಿಟ್ಟಿಲ್ಲವೆಂದೂ, ಊಟ ಸರಿಯಾಗಿ ಮಾಡುತ್ತಿಲ್ಲವೆಂದೂ ಅವನ ಹೆಂಡತಿ ನಾಗು ಬಂದು ಅತ್ತಳು. ಇದು ಅತಿಯಾಯಿತು ಎಂದು ನನಗೆ ಸಿಟ್ಟು ನೆತ್ತಿಗೇರಿತು. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಹಾರವಾಡಕ್ಕೆ ಹೋದೆ. ಜಗಲಿಯಲ್ಲಿ ಕೂತಿದ್ದ ಅವನಿಗೆ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವ ತಲೆ ತಗ್ಗಿಸಿ ಎಲ್ಲ ಕೇಳಿದ. ನಾಗುವಿಗೆ ಕೂಗಿ ನನಗೆ ಚಾ ತರಿಸಿದ. ಸಮಾಧಾನ ಮಾಡಲು ಇಷ್ಟು ದೂರ ಬಂದಿರಲ್ಲ, ನಿಮ್ಮದು ದೊಡ್ಡ ಮನಸ್ಸು ಎಂದ.

"ಸಮಾಧಾನ ಅಲ್ಲವೋ, ಖರೇ ಹೇಳ್ತಿದ್ದೇನೆ."

"ವೈನಿ ಸುಳ್ಳು ಹೇಳೋರಲ್ಲ, ಅಕ್ಕೋರೆ," ಎಂದ.

ಮಂಗಲಾ ಈಗಲೂ ವಾಕಿಂಗಿಗೆ ಬರುತ್ತಾಳೆ. ಕಾರವಾರದ ಬೀಚಿನಲ್ಲೇ, ನನಗಿಂತ ಮುಂದೆ, ಬಿರಬಿರನೆ. ಹಾರವಾಡದಿಂದ ಬಂದ ಮರುದಿನ ಬೆಳಿಗ್ಗೆ ಏದುಸಿರು ಬಿಡುತ್ತ ಅವಳ ಹಿಂದೆ ಹೋಗಿ ಕಾಶಿಯ ಗತಿ ಹೇಳಿದೆ. ನಿನ್ನ ಬಾಯಿಂದಲೇ ಬರಬೇಕು, ಒಂದು ಮಾತು ಹೇಳಿ ಅವನನ್ನು ಬಿಟ್ಟುಬಿಡು, ಹೋದವರು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು ಎಂದು ಬೇಡಿಕೊಂಡೆ. ಅವಳು ನಿಂತಳು. ಅಳು ಬರುತ್ತದೇನೋ ಎಂದು ಕಾದೆ.

"ಅವತ್ತು ನಾ ಬಿಡು ಅಂದೆ, ಅಕ್ಕೋರೆ," ಎಂದಳು. "ಅವ ಬಿಟ್ನಾ?"

ಅಷ್ಟು ಹೇಳಿ ಮತ್ತೆ ನಡೆಯಲು ಶುರು ಮಾಡಿದಳು. ಅವಳ ಹೆಜ್ಜೆಗೆ ಹೆಜ್ಜೆ ಹಾಕಲು ನನ್ನಿಂದ ಆಗಲಿಲ್ಲ. ನಾನು ಅಲ್ಲೇ ಮರಳಲ್ಲಿ ಕೂತುಬಿಟ್ಟೆ.