ಕಾರೆಕಾಯಿ ದಾರೀಲಿ

ಫೋನಿನಲ್ಲಿ ಹಾಡು ಕೇಳುವುದೆಂದರೆ ಹುಣಸೂರಿನ ನಂಜುಂಡಸ್ವಾಮಿಗೆ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾದವನು. ಪೇಟೆಯ ಸೀಡಿ ಅಂಗಡಿಗಳೆಲ್ಲ ಮೊಬೈಲ್ ಅಂಗಡಿಗಳಾಗಿ ಎಷ್ಟೋ ವರ್ಷವಾಗಿದ್ದರೂ ಅವನ ಮನೆಯ ನಡುಕೋಣೆಯಲ್ಲಿ ಆರುನೂರು ಸೀಡಿಗಳಿದ್ದವು.

"ಫೋನಲ್ಲಿರೋದು ನಮ್ದಲ್ಲ ಕಣೇ. ಅವ್ರು ತಗುದ್ರೆ ಒಂಟೋಯ್ತದೆ" ಎಂದು ಹೆಂಡತಿ ಸೋಮಮ್ಮನಿಗೆ ಹೇಳುತ್ತಿದ್ದ.

"ನೀವೇ ಒಂಟೋದ್ರೆ ಇವು ಯಾರ್ದು?" ಎಂದು ಅವಳು ಕೇಳಿದರೆ ಸೀಡಿಗಳ ಧೂಳು ಒರೆಸತೊಡಗುತ್ತಿದ್ದ. ಒಂದನ್ನೂ ಯಾರಿಗೂ ಕೊಡುತ್ತಿರಲಿಲ್ಲ.

ಅವುಗಳಲ್ಲಿ ಒಂದಕ್ಕೆ ಊರು ಹೆಸರು ಯಾವುದೂ ಇರಲಿಲ್ಲ. ಕೆ.ಆರ್. ನಗರದ ಬಸ್ ನಿಲ್ದಾಣದ ತಳ್ಳುಗಾಡಿಯಲ್ಲಿ ಕೊಂಡದ್ದು. ಬಿಳಿ ಚೀಟಿಯ ಮೇಲೆ 'ಭಾಗ ೨' ಎಂದಷ್ಟೇ ಬರೆದಿತ್ತು. ಅದರ ನಾಲ್ಕನೆಯ ಹಾಡು ಒಬ್ಬ ಹೆಂಗಸಿನದು; ವಾದ್ಯವಿಲ್ಲ, ಬರಿಯ ದನಿ. ಕಾಡಂಚಿನವರ ಹಾಡೆಂದು ತಿಳಿಯುತ್ತಿತ್ತು. ಹಾಡಿದವಳು ಯಾರೆಂದು ಗೊತ್ತಾಗದೆ ಅವನಿಗೆ ಸಮಾಧಾನವಿರಲಿಲ್ಲ.

ಗ್ರಂಥಾಲಯದ ರಾಧಾ ಒಂದು ದಾರಿ ಹೇಳಿಕೊಟ್ಟಳು. ಸಾಲಿನ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಿ ಹುಡುಕಿದರೆ, ಅದೇ ಪದಗಳು ಅದೇ ಸಾಲಾಗಿ ಇರುವಲ್ಲಿಗೆ ಮಾತ್ರ ಗೂಗಲ್ ಕರೆದೊಯ್ಯುತ್ತದೆಯಂತೆ. ಅವನು ಕೇಳಿ ಕೇಳಿ ಬರೆದುಕೊಂಡಿದ್ದ ಸಾಲನ್ನು ಹಾಕಿದ: "ಕಾರೆಕಾಯಿ ದಾರೀಲಿ ನಾನೆ ನಿಂತ್ಕಂಡು ಬರೋರ ನೋಡ್ಕಂಡು." ಏನೂ ಸಿಗಲಿಲ್ಲ. ಮೂರು ವರ್ಷ ಆಗಾಗ ಹಾಕಿ ನೋಡಿದ. ಆಗಲೂ ಇಲ್ಲ.

ಈ ಸಲದ ಸಂಕ್ರಾಂತಿ ಹೊತ್ತಿಗೆ ಸಾಲನ್ನು ಪೂರ್ತಿ ಟೈಪು ಮಾಡಲು ಬೇಸರವಾಗಿ ಮೊದಲೆರಡು ಪದ ಮಾತ್ರ ಹಾಕಿದ. ಒಂದೇ ಒಂದು ಪುಟ ಬಂತು. ವೀರನಹೊಸಹಳ್ಳಿ ಹತ್ತಿರದ ಕಾಡಂಚಿನ ಹಾಡಿಯ ಪ್ರೇಮಾ ಎಂಬ ಅಂಗನವಾಡಿ ಕಾರ್ಯಕರ್ತೆ ಎರಡು ವರ್ಷದ ಹಿಂದೆ ಬರೆದಿದ್ದಳು: 'ಇದು ನಮ್ಮವ್ವ ಚೆನ್ನಿ ಹಾಡಿದ್ದು. ಸೀಡಿ ಯಾರ ಹತ್ರಾನಾದ್ರೂ ಇದ್ರೆ ತಿಳಿಸಿ.' ಕೆಳಗೆ ಹಾಡಿನ ಸಾಲು. ಅದರಲ್ಲಿ 'ನಾನೆ' ಇರಲಿಲ್ಲ, 'ಆನೆ' ಇತ್ತು.

ನಂಜುಂಡಸ್ವಾಮಿ ಅದನ್ನು ಎರಡು ಸಲ ಓದಿದ. ಯಾರೋ ಹೆಣ್ಣು ದಾರಿಯಲ್ಲಿ ನಿಂತು ಇನಿಯನನ್ನು ಕಾಯುತ್ತಿದ್ದಾಳೆಂದು ಇಷ್ಟು ವರ್ಷ ತಿಳಿದಿದ್ದ.

ಮಾರನೆಯ ದಿನ ಅವರಿಗೆ ಕೊಡಲೆಂದು ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕೇಳಿಸಲೆಂದು ಸೀಡಿಯನ್ನೂ ಬ್ಯಾಟರಿಯ ಪ್ಲೇಯರನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಚೆನ್ನಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಂದವನು ಯಾಕೆ ಬಂದನೆಂದು ಪ್ರೇಮಾ ಹೇಳಿದಾಗಲೂ ಕೈ ನಿಲ್ಲಿಸಲಿಲ್ಲ.

"ನಾನೆ ಅಂದ್ಕಂಡಿದ್ದೆ, ಆನೆ ಅಂತ ನಂಗೆ ಗೊತ್ತೇ ಆಗ್ನಿಲ್ಲ ಕಣಮ್ಮ" ಎಂದ ನಂಜುಂಡಸ್ವಾಮಿ.

"ಐಕ್ಳು ಕಾರೆಕಾಯಿ ಕೀಳಕ್ಕೆ ಕಾಡೊಳಿಕ್ಕೆ ಓಗ್ಬಾರ್ದು ಅಂತ ಕಟ್ಟಿದ್ ಪದ" ಎಂದಳು ಚೆನ್ನಿ. "ನಾನ್ಯಾಕೆ ಓಗಿ ದಾರೀಲಿ ನಿಂತ್ಕಳ್ಳಿ?" ಎಂದು ನಕ್ಕಳು.

ಅವನು ಸೀಡಿ ಹಾಕಿದ. ಹಾಡು ಶುರುವಾಗುವ ಮೊದಲು ಗಂಡಸೊಬ್ಬ ಕೆಮ್ಮಿದ ಸದ್ದು ಬಂತು. ಚೆನ್ನಿಯ ಕೈಯಿಂದ ಕಾಯಿ ಮೊರಕ್ಕೆ ಬಿತ್ತು.

"ಇನ್ನೊಂದ್ಸಲ ಆಕಿ."

ಹಾಕಿದ. ಮತ್ತೆ ಕೆಮ್ಮು. ತನ್ನ ದನಿ ಬರುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದು, "ಸಾಕು, ಮೊದ್ಲಿಂದ ಆಕಿ" ಎಂದಳು.

"ನಮ್ಮಪ್ಪ" ಎಂದಳು ಪ್ರೇಮಾ. "ಮುತ್ತ ಅಂತ. ಕೆ.ಆರ್. ನಗರದಲ್ಲಿ ರೆಕಾರ್ಡ್ ಮಾಡೋವಾಗ ಬಾಗ್ಲತ್ರ ನಿಂತಿದ್ರಂತೆ. ಅವ್ರು ಓಗಿ ಆರು ವರ್ಸ ಆಯ್ತು. ದನಿ ಅಂತ ಎಲ್ಲೂ ಇಲ್ಲ."

"ಸದ್ದು ಮಾಡ್ಬೇಡ ಅಂದಿದ್ರು" ಎಂದಳು ಚೆನ್ನಿ. "ತಡ್ಕಂಡು ತಡ್ಕಂಡು ಕೆಮ್ಬುಟ್ಟ. ದಾರಿ ಉದ್ದಕ್ಕೂ ಬೈಕಂಡು ಬಂದೆ."

ನಂಜುಂಡಸ್ವಾಮಿ ಜೇಬು ಮುಟ್ಟಿಕೊಂಡ. ಅಲ್ಲಿದ್ದ ಪೆನ್‌ಡ್ರೈವಿನ ಪ್ರತಿಯಲ್ಲಿ ಆ ಕೆಮ್ಮು ಇರಲಿಲ್ಲ. ಹಾಡು ಚೊಕ್ಕಟವಾಗಿರಲಿ ಎಂದು ತಾನೇ ಅದನ್ನು ಕತ್ತರಿಸಿದ್ದ. ಮನೆಗೆ ಹೋಗಿ ಬೇರೆ ಪ್ರತಿ ಮಾಡಿ ತಂದುಕೊಡುತ್ತೇನೆ ಎನ್ನಲು ಬಾಯಿ ತೆರೆದ. ಚೆನ್ನಿ ಪ್ಲೇಯರಿನ ಪಕ್ಕಕ್ಕೆ ಸರಿದು ಕುಳಿತಿದ್ದಳು. ಯಾವ ಗುಂಡಿ ಒತ್ತಬೇಕೆಂದು ಆಗಲೇ ಕಲಿತಿದ್ದಳು. ಅವನು ಆ ಮಾತು ಬಿಟ್ಟು, ಸೀಡಿಯ ಡಬ್ಬಿಯನ್ನೂ ಅವಳತ್ತ ಸರಿಸಿದ.

ಊಟ ಮುಗಿಸಿ ಏಳುವಾಗ ಖಾಲಿ ಚೀಲವನ್ನು ಮಡಚಿಕೊಂಡ.

"ಸಾರ್, ಪ್ಲೇಯರ್ರು..." ಎಂದಳು ಪ್ರೇಮಾ.

"ಅದಿಲ್ದೆ ಸೀಡಿ ಮಡೀಕಂಡು ಏನ್ಮಾಡೀರಿ? ಇರ್ಲಿ ಬುಡವ್ವ."

ಬಸ್ಸು ನಿಲ್ಲುವ ಜಾಗದವರೆಗೆ ಅವಳೂ ಬಂದಳು. "ಇಷ್ಟ್ ವರ್ಸ ಜೋಪಾನ ಮಾಡಿದ್ರಿ. ನಿಮ್ಗೆ ಬ್ಯಾಡ್ವಾ?"

"ಪದ ನನ್ನತ್ರ ಅದೆ. ನಿಮ್ಮಪ್ಪ ಇಲ್ಲ, ಅಷ್ಟೆ."

ಹುಣಸೂರಿನ ಬಸ್ಸು ಬಂತು. ಅವನು ಕಿಟಕಿ ಪಕ್ಕ ಕುಳಿತು, ಟಿಕೆಟ್ ತೆಗೆದುಕೊಂಡು, ಸೋಮಮ್ಮನಿಗೆ ಏನು ಹೇಳುವುದೆಂದು ಯೋಚಿಸತೊಡಗಿದ.