ಆಷಾಢದ ಕೆಂಪು

ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟು ಮೆರೆಯುವವರಿಗೆ ಅದಕ್ಕೆ ಬಣ್ಣ ಹಾಕುವವರ ಕೈ ಕಾಣುವುದಿಲ್ಲ. ನಮ್ಮ ಯಜಮಾನರ ಕೈ ಮೊಣಕೈವರೆಗೂ ಕೆಂಪು. ಧಾರೆಯ ಹೊತ್ತಿನಲ್ಲಿ ಆ ಕೈ ಕಂಡು ನನಗೆ ನಗು ತಡೆಯಲಾಗಿರಲಿಲ್ಲ.

ಬಣ್ಣದ ಮನೆಯಲ್ಲಿ ಕುದಿಯುವ ಹಂಡೆಗೆ ಡಬ್ಬಿಯ ಬಣ್ಣದ ಪುಡಿ ಸುರಿದು, ಬಣ್ಣ ಕಚ್ಚಲು ಹಾಕಿದ ಹುಳಿ ಸರಿಯಾಯಿತೇ ಎಂದು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಅಲ್ಲಿ ಯಾರಿಗಾದರೂ ಉಚ್ಚೆ ಕೆಂಪಗೆ ಹೋದರೆ 'ಬಣ್ಣ ಇಳೀತು' ಎಂದು ಬೆಲ್ಲ ಹಂಚುತ್ತಿದ್ದರು. ಮೈಗೆ ಹತ್ತಿದ್ದು ಹೊರಬಂತು, ಇನ್ನು ಇವನು ಪಕ್ಕಾ ಬಣ್ಣದವನು ಎಂಬ ನಂಬಿಕೆ. ಒಂದು ವರ್ಷ ಯುಗಾದಿಯಲ್ಲಿ ನಮ್ಮವರಿಗೂ ಇಳಿಯಿತು. ಜೊತೆಗಾರ ಬಸವಣ್ಣ ಬೆಲ್ಲ ತಂದ, ನಾನೂ ತಿಂದೆ.

ಆಷಾಢದಲ್ಲಿ ಮದುವೆಯಿಲ್ಲ, ಬಣ್ಣದ ಮನೆಗೆ ಬೀಗ. ನಾವಿಬ್ಬರೂ ಮಧುವನಹಳ್ಳಿಗೆ, ನಮ್ಮಣ್ಣನ ಹೊಲದ ಕೆಲಸಕ್ಕೆ ಹೋದೆವು. ತಿಂಗಳು ಮುಗಿಯುವಷ್ಟರಲ್ಲಿ ಅವರ ಕೈ ತೊಳೆದು ತೊಳೆದು ಮೈಬಣ್ಣಕ್ಕೆ ಬಂದಿತ್ತು. ಆಗೊಂದು ಬೆಳಗ್ಗೆ ಬಚ್ಚಲ ಕಲ್ಲಿನ ಮೇಲೆ ಕೆಂಪು ಕಂಡೆ.

"ಇದೇನ್ರೀ ಇದು?"

"ಬಣ್ಣ ಕಣಮ್ಮಿ. ಇಳೀತದೆ, ಬುಡು."

"ಕೈಲಿದ್ದದ್ದೆಲ್ಲ ಓಯ್ತು. ಒಳಗಿಂದು ಇನ್ನೂ ಎಲ್ಲಿಂದ ಬತ್ತದೆ?"

ಅವರು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆಗ ನಮ್ಮೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮದರಾಸಾದರೇನು, ಹತ್ತಿರವಿದ್ದುದು ಮೈಸೂರು. ಅಂದೇ ಬಸ್ಸು ಹತ್ತಿಸಿ ಅಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಅವರ ಕೆಲಸದ ಬಗ್ಗೆ ಕೆದಕಿ ಕೆದಕಿ ಕೇಳಿದರು. "ಇದು ಬಣ್ಣವಲ್ಲಮ್ಮ, ರಕ್ತ. ಮೂತ್ರಕೋಶದಲ್ಲಿ ಗಂಟು ಬೆಳೆದಿದೆ, ಕ್ಯಾನ್ಸರ್. ಪರದೇಶದ ಬಣ್ಣದ ಕಾರ್ಖಾನೆಯವರಿಗೂ ಹೀಗೇ ಆಗಿದೆಯಂತೆ. ಸಣ್ಣದಿದ್ದಾಗಲೇ ಕರೆತಂದಿರಿ, ತೆಗೆಯುತ್ತೇವೆ. ಆದರೆ ಇನ್ನು ಅವರು ಬಣ್ಣ ಮುಟ್ಟಕೂಡದು."

ತೆಗೆದರು. ಬದುಕಿದರು. ಮಹದೇಶ್ವರನಿಗೆ ಹರಕೆ ಹೊತ್ತಿದ್ದೆ. ಸಂತೋಷಕ್ಕೆ ಆಸ್ಪತ್ರೆಯ ಬಾಗಿಲಲ್ಲೇ ಅತ್ತುಬಿಟ್ಟೆ.

ಶ್ರಾವಣದಲ್ಲಿ ಬಸವಣ್ಣ ಮನೆಗೆ ಬಂದ.

"ಬೀಗ ತೆಗ್ದವ್ರೆ. ಯಾವಾಗ್ ಬತ್ತೀಯಣ್ಣ ಕೆಲ್ಸಕ್ಕೆ?"

ನಾನು ನಡೆದುದನ್ನೆಲ್ಲ ಹೇಳಿದೆ. ಮೊದಲು ನಕ್ಕ. ಆಮೇಲೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ.

"ಅತ್ತಿಗೆ, ನಂಗೆ ಆ ಕೆಂಪು ಆಷಾಡದಲ್ಲೂ ನಿಂತಿರ್ನಿಲ್ಲ. ಓದ ವರ್ಸದಿಂದ್ಲೂ ಇಂಗೇಯ."

ನಮ್ಮವರು ಗೋಡೆ ಹಿಡಿದು ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿದರು. ಹೊಲಿಗೆ ಹಾಕಿದ್ದ ಗಾಯ ಇನ್ನೂ ಮಾಗಿರಲಿಲ್ಲ. ಕೂತುಕೊಳ್ಳಿ ಎನ್ನದೆ ಟವೆಲ್ಲು ತಂದು ಅವರ ಹೆಗಲಿಗೆ ಹಾಕಿದೆ.

"ಏಳ್ಲಾ ಬಸವ," ಎಂದರು. "ಮೈಸೂರ್ ಬಸ್ಸು ಬರೋ ಒತ್ತಾಯ್ತು."