ಗಾಳಿಗೆ ತಕ್ಕ ತೂಕ

ವಾಚಕ ಮಹಾಶಯರಲ್ಲಿ ಸವಿನಯ ಅರಿಕೆ. ಈ ವೃತ್ತಾಂತವು ಒಂದು ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ, ಆರು ಜನ ಗಂಡಸರು ಶವದ ಪೆಟ್ಟಿಗೆಯೊಂದನ್ನು ಹೊತ್ತು, ಮುಂದೆ ಹೋಗಲೂ ಹಿಂದೆ ಸರಿಯಲೂ ಆಗದೆ ನಿಂತಿರುವಾಗ ಆರಂಭವಾಗುತ್ತದೆ. ತಾವು ಕೊಂಚ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾಗಿ ಪ್ರಾರ್ಥನೆ.

“ಎಡಕ್ಕೆ. ಇನ್ನೂ ಎಡಕ್ಕೆ. ಈಗ ಮೂತಿ ಎತ್ತಿ,” ಎಂದು ಕೆಳಗಿನಿಂದ ಔಷಧದಂಗಡಿಯವರು ಹೇಳುತ್ತಿದ್ದರು. ಸತ್ತವಳು ಅವರ ಹೆಂಡತಿ. ಹೊತ್ತವರೆಲ್ಲ ಅವರ ಹಾಯಿದೋಣಿ ಕ್ಲಬ್ಬಿನ ಸದಸ್ಯರು. ಭಾನುವಾರದ ಪಂದ್ಯಗಳಲ್ಲಿ ಆ ದನಿಯನ್ನು ನೀರಿನ ಮೇಲಿಂದ ಕೇಳಿ ಪಳಗಿದವರು. ಯಾರೂ ಎದುರಾಡದೆ ಎಡಕ್ಕೆ ಸರಿದರು, ಮೂತಿ ಎತ್ತಿದರು. ಪೆಟ್ಟಿಗೆ ತಿರುವು ದಾಟಿತು.

“ಆರು ಜನ ಬೇಕಿರಲಿಲ್ಲ ಕಣಯ್ಯ,” ಎಂದು ಹಾಯಿ ಹೊಲಿಯುವವನು ಪಕ್ಕದ ಬೇಕರಿಯವನ ಕಿವಿಯಲ್ಲಿ ಉಸುರಿದ. “ನಮ್ಮ ಮೂಟೆಯಕ್ಕನ್ನ ಇಬ್ಬರೇ ಇಳಿಸಬಹುದಿತ್ತು.”

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮಗಳಿಗೆ ಅದು ಕೇಳಿಸಿತು. ಕ್ಲಬ್ಬಿನವರು ಅಮ್ಮನನ್ನು ಮೂಟೆ ಎಂದು ಕರೆಯುವುದು ಅವಳಿಗೆ ಹೊಸದಲ್ಲ. ಫೋನಿನಲ್ಲಿ ಅಮ್ಮನೇ ನಗುತ್ತ, ಮೂಟೆ ಮಾತಾಡುತ್ತಿದೆ ಎನ್ನುತ್ತಿದ್ದಳು.

ಮಗಳು ದೂರದ ಊರೊಂದರ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆಯಲ್ಲಿ ಅಮ್ಮ ಅವಳ ಬೆರಳು ಹಿಡಿದು, ಅಪ್ಪನನ್ನು ಒಬ್ಬರನ್ನೇ ಬಿಡಬೇಡ ಎಂದಿದ್ದಳು. ಅವಳು ಅಳೆದು ತೂಗಿ, ಈ ಊರಿಗೇ ವರ್ಗ ಕೇಳಿ, ಮೇಲಿನವರನ್ನು ಒಪ್ಪಿಸಿಯೂ ಬಂದಿದ್ದಳು. ಅಪ್ಪನಿಗೆ ಮಾತ್ರ ಇನ್ನೂ ತಿಳಿಸಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹೇಳಬೇಕು, ಆ ಮಾತಿನಿಂದ ಅವರ ಮುಖ ಒಂದಿಷ್ಟಾದರೂ ಸಡಿಲವಾದೀತು ಎಂದುಕೊಂಡಿದ್ದಳು.

*

ಹಾಯಿದೋಣಿ ಎಂಬುದು ಇಬ್ಬರ ಆಟ. ಒಬ್ಬರು ಚುಕ್ಕಾಣಿ ಹಿಡಿಯುತ್ತಾರೆ. ಇನ್ನೊಬ್ಬರು ಮುಖ್ಯವಾಗಿ ತೂಕವಾಗಿರುತ್ತಾರೆ. ಗಾಳಿ ಬಿರುಸಾದಾಗ ದೋಣಿ ಒಂದು ಮಗ್ಗುಲಿಗೆ ಮಗುಚಲು ಹವಣಿಸುತ್ತದೆ. ಆಗ ಜೊತೆಗಾರರು ಪಾದಗಳನ್ನು ದೋಣಿಯ ತಳದ ಪಟ್ಟಿಗೆ ಸಿಕ್ಕಿಸಿ, ಸೊಂಟದ ಮೇಲಿನ ಮೈಯನ್ನೆಲ್ಲ ಎದುರು ಮಗ್ಗುಲ ನೀರಿನ ಮೇಲೆ ಚಾಚಿ ಅದನ್ನು ತಡೆದು ನಿಲ್ಲಿಸಬೇಕು. ಅದಕ್ಕೆ ಭಾರದ ಆಳು ಬೇಕು. ಗಾಳಿ ಸತ್ತ ತಿಂಗಳುಗಳಲ್ಲಿ ಅದೇ ಭಾರ ದೋಣಿಗೆ ಶತ್ರು. ಔಷಧದಂಗಡಿಯವರಿಗೆ ಎರಡು ಬಗೆಯ ಜೊತೆಗಾರರು ಬೇಕಿದ್ದರು. ಇದ್ದದ್ದು ಒಬ್ಬಳೇ ಹೆಂಡತಿ.

ಶನಿವಾರ ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ, ಗಿರಾಕಿಗಳು ನಿಂತು ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಅವಳು ಚಪ್ಪಲಿ ಬಿಟ್ಟು ಹತ್ತುತ್ತಿದ್ದಳು. ಅವರು ಬಗ್ಗಿ ಮುಳ್ಳು ನೋಡುತ್ತಿದ್ದರು. ಗಾಳಿಯಿಲ್ಲದ ಕಾಲವಾದರೆ ಅಂದಿನಿಂದ ಅವಳಿಗೆ ತೆಳ್ಳನೆಯ ಸೂಪು, ಅರ್ಧ ಸೇಬು. ಬಿರುಗಾಳಿಯ ಕಾಲವಾದರೆ ತಟ್ಟೆ ಖಾಲಿಯಾಗುವ ಮುಂಚೆಯೇ ಮತ್ತೆ ಬಡಿಸುವುದು, ಬೇಡವೆಂದರೂ ಮೊಟ್ಟೆ, ಮೊಟ್ಟೆಯ ಮೇಲೆ ಬೆಣ್ಣೆ. ಎಲ್ಲರ ಮನೆಯಲ್ಲೂ ಗಾಳಿ ನೋಡಿಯೇ ಬಡಿಸುತ್ತಾರೆಂದು ಮಗಳು ಬಹಳ ಕಾಲ ನಂಬಿದ್ದಳು. ಮೊದಲ ಸಲ ಗೆಳತಿಯ ಮನೆಯಲ್ಲಿ ಊಟಕ್ಕೆ ಕೂತಾಗ, ಕಿಟಕಿಯಾಚೆ ಮರದ ಎಲೆಗಳು ಅಲ್ಲಾಡುತ್ತಿವೆಯೇ ಎಂದು ಇಣುಕಿ ನೋಡಿದ್ದಳು.

“ನಿನಗೆ ಹಸಿವಾಗಲ್ವೇನಮ್ಮ?” ಎಂದು ಒಮ್ಮೆ ಕೇಳಿದಳು.

“ಆಗತ್ತೆ ಪುಟ್ಟಿ. ಗಾಳಿ ಬರಲಿ ತಡಿ. ನಿಮ್ಮಪ್ಪನ್ನೂ ಬಿಡದೆ ತಿಂದುಬಿಡ್ತೀನಿ.”

*

ಮಣ್ಣು ಮಾಡಿದ ಮೇಲೆ ಎಲ್ಲರೂ ಸರೋವರದ ದಂಡೆಯ ಕ್ಲಬ್ಬಿನ ಕೋಣೆಗೆ ಬಂದರು. ಮರದ ನೆಲ, ಒದ್ದೆ ಹಗ್ಗದ ವಾಸನೆ, ಗೋಡೆಯ ಮೇಲೆ ಗೆದ್ದವರ ಹೆಸರುಗಳ ಹಲಗೆ. ಔಷಧದಂಗಡಿಯವರ ಹೆಸರು ಅದರಲ್ಲಿ ಮೇಲಿಂದ ಕೆಳಕ್ಕೆ ಮತ್ತೆ ಮತ್ತೆ ಬಂದಿತ್ತು. ಚುಕ್ಕಾಣಿ ಹಿಡಿದವರ ಹೆಸರನ್ನಷ್ಟೇ ಬರೆಸುವುದು ಅಲ್ಲಿನ ಪದ್ಧತಿ. ಕಾರ್ಯದರ್ಶಿಗಳು ಚಹಾದ ಬಟ್ಟಲಿಗೆ ಚಮಚ ತಟ್ಟಿ ಮಾತಾಡಿದರು. ಕ್ಲಬ್ಬು ಒಂದು ನಿಷ್ಠಾವಂತ ಜೀವವನ್ನು ಕಳೆದುಕೊಂಡಿದೆ. ಭಾನುವಾರ ಒಂದು ನಿಮಿಷದ ಮೌನವಿರುತ್ತದೆ. ಪಂದ್ಯ ಮಾತ್ರ ಎಂದಿನಂತೆ ನಡೆಯುತ್ತದೆ. ದೋಣಿ ತೊಳೆಯುವ ಹೊಸ ಪೈಪನ್ನು ಸದಸ್ಯರು ದಯವಿಟ್ಟು ಸುತ್ತಿಡಬೇಕು.

ಬಿಗಿದ ಮುಖಗಳು ಬಿಚ್ಚಿಕೊಂಡು ನಗು ನುಸುಳುವ ಗಳಿಗೆ ಎಲ್ಲ ಸಾವಿನ ಮನೆಯಲ್ಲೂ ಬರುತ್ತದೆ. ಇಲ್ಲಿ ಅದನ್ನು ತಂದವನು ಹಾಯಿ ಹೊಲಿಯುವವನು. ಅವನು ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಹೋದ ಸಲದ ಗಾಳಿಗಾಲದ ಕತೆ ತೆಗೆದ. ಅಕ್ಕ ಅದೇಕೋ ಇಳಿದುಹೋಗಿದ್ದಳಂತೆ, ದೋಣಿ ನಿಲ್ಲುತ್ತಲೇ ಇರಲಿಲ್ಲವಂತೆ. ಔಷಧದಂಗಡಿಯವರು ತೂಕಕ್ಕೆಂದು ಉಣ್ಣೆಯ ಸ್ವೆಟರನ್ನು ನೀರಲ್ಲಿ ಅದ್ದಿ, ಹಿಂಡದೆ, ಅವಳಿಗೆ ತೊಡಿಸಿದರಂತೆ. ಮೊದಲು ಒಂದು. ಕೆಲವು ವಾರ ಕಳೆದು ಅದರ ಮೇಲೊಂದು. ಕಪ್ ಪಂದ್ಯದ ಹೊತ್ತಿಗೆ ಮೂರು.

“ತೊಟತೊಟ ಅಂತ ಸುರಿಸ್ಕೊಂಡು ಬರೋಳು. ಏನಕ್ಕ ಇದು ಅಂದ್ರೆ, ‘ನಮ್ಮೆಜಮಾನ್ರು ಒಗೆದ್ರು, ಒಣಗಿಹಾಕೋದು ಮರೆತ್ರು’ ಅನ್ನೋಳು.”

ಸುತ್ತಲಿದ್ದವರು ನಕ್ಕರು. ಬೇಕರಿಯವನು ನಗುತ್ತಲೇ ಕಣ್ಣೊರೆಸಿಕೊಂಡ. ಮಗಳೂ ನಗಲೆಂದು ತುಟಿ ಬಿಚ್ಚಿದವಳು ಹಾಗೆಯೇ ಉಳಿದಳು. ಅಮ್ಮ ವೈದ್ಯರ ಬಳಿ ಹೋದದ್ದು ಗಾಳಿಗಾಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಗಡ್ಡೆ ಹೊಟ್ಟೆಯೆಲ್ಲ ಹಬ್ಬಿತ್ತು. ಇನ್ನೂ ಮೊದಲೇ ಕರೆತರಬೇಕಿತ್ತು ಎಂದು ವೈದ್ಯರು ಅಂದಾಗ, ಯಾರಿಗೂ ಏನೂ ಗೊತ್ತೇ ಆಗಲಿಲ್ಲ ಎಂದು ಅಪ್ಪ ತಲೆ ತಗ್ಗಿಸಿದ್ದರು. ಅವಳು ನಂಬಿದ್ದಳು. ಅವರ ಬೆನ್ನು ಸವರಿ ಸಮಾಧಾನವನ್ನೂ ಹೇಳಿದ್ದಳು.

ಅಪ್ಪ ಕಿಟಕಿಯ ಬಳಿ ನಿಂತು ನೀರು ನೋಡುತ್ತಿದ್ದರು. ಅವಳು ಬಟ್ಟಲು ಕೆಳಗಿಟ್ಟು ಅಲ್ಲಿಗೆ ಹೋದಳು.

“ಅಪ್ಪ, ಅಮ್ಮ ಇಳೀತಿದಾಳೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

ಅವರು ಸುಳ್ಳು ಹೇಳಲಿಲ್ಲ. ದೋಣಿಯ ವಿಷಯದಲ್ಲಿ ಅವರಿಗೆ ಸುಳ್ಳು ಬರುತ್ತಿರಲಿಲ್ಲ.

“ಗಾಳಿ ಶುರುವಾಗೋಕೂ ಮುಂಚೆ. ಎಷ್ಟು ತಿನ್ನಿಸಿದ್ರೂ ಮುಳ್ಳು ಮೇಲೆ ಹೋಗ್ತಿರಲಿಲ್ಲ.”

“ಊರಿಗೆಲ್ಲ ಔಷಧ ಕೊಡೋರು ನೀವು.”

“ಕಪ್ ಮುಗೀಲಿ, ಆಮೇಲೆ ತೋರಿಸಿದ್ರಾಯ್ತು ಅಂತ ಅವಳೇ ಅಂದಳು.”

ಅಂದಿರಬಹುದು. ಅಪ್ಪ ಬಾಯಿ ತೆರೆಯುವ ಮುಂಚೆಯೇ ಅವರ ಮಾತನ್ನು ತನ್ನದೆಂಬಂತೆ ಆಡಿಬಿಡುವುದು ಅಮ್ಮನ ರೂಢಿ. ಆ ಮನೆಯಲ್ಲಿ ಜಗಳ ಹುಟ್ಟದೇ ಇದ್ದದ್ದು ಅದರಿಂದಲೇ. ಅವರು ದುಷ್ಟರೇನಲ್ಲ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಬರಿನೆಲದ ಮೇಲೆ ಮಲಗಿದವರು, ಚಮಚದಿಂದ ಕೊನೆಯ ಗುಟುಕು ನೀರು ಕುಡಿಸಿದವರು. ಕೆಟ್ಟವರಾಗಿದ್ದರೆ ಬಾಯ್ತುಂಬ ಬೈದು ಮುಗಿಸಬಹುದಿತ್ತು.

ಅವರು ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದರು. ಭುಜ, ಸೊಂಟ, ಕಾಲು. ಆ ನೋಟದಲ್ಲಿ ಮಮತೆ ಇರಲಿಲ್ಲವೆನ್ನಲಾಗದು.

“ನೀನು ಬಂದು ಇಲ್ಲೇ ಇರ್ತೀಯ ಅಂತ ನಿಮ್ಮಮ್ಮ ಹೇಳಿದ್ದಳು,” ಎಂದರು. “ಈಗ ಎಷ್ಟು ತೂಕ ಇದೀಯಮ್ಮ?”

ಆಸ್ಪತ್ರೆಯಲ್ಲಿ ತನ್ನ ಬೆರಳು ಹಿಡಿದು ಅಮ್ಮ ಆಡಿದ ಮಾತು ನಿಜಕ್ಕೂ ಯಾರದೆಂದು ಮಗಳು ಆಗ ಮೊದಲ ಬಾರಿ ಕೇಳಿಕೊಂಡಳು. ಉತ್ತರ ಹೇಳಬೇಕಾದವಳನ್ನು ಆಗಲೇ ಮಣ್ಣಿನಲ್ಲಿಟ್ಟು ಬಂದಾಗಿತ್ತು.

“ನಾನು ನಾಳೆ ಹೊರಡ್ತೀನಿ ಅಪ್ಪ. ಅಲ್ಲೇ ಇರ್ತೀನಿ ಇನ್ನು.”

ಗಾಳಿ ದಿಕ್ಕು ಬದಲಿಸಿದ್ದನ್ನು ಗಮನಿಸಿದವರಂತೆ ಅವರು ಒಮ್ಮೆ ತಲೆಯಾಡಿಸಿದರು.

ಜನ ಹೊರಡತೊಡಗಿದ್ದರು. ಅಪ್ಪ ಹೋಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಹಿಡಿದು ಬೀಳ್ಕೊಟ್ಟರು. ಮಗಳು ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತ ನೋಡುತ್ತಿದ್ದಳು. ಕಾರ್ಯದರ್ಶಿಗಳ ಒಣಕಲು ಕೈಯನ್ನು ಅವರು ಬೇಗನೆ ಬಿಟ್ಟರು. ಹಾಯಿ ಹೊಲಿಯುವವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುಸು ತಡೆದು ಬಿಟ್ಟರು. ಬೇಕರಿಯವನ ಸರದಿ ಬಂತು. ಅವನು ಬಾಗಿಲು ತುಂಬುವ ಆಳು. ಕೈ ಚಾಚಿದ. ಅಪ್ಪ ಆ ಮಾಂಸಲ ಕೈಯನ್ನು ಮಣಿಕಟ್ಟಿನವರೆಗೂ ಎರಡೂ ಅಂಗೈಗಳಲ್ಲಿ ತೆಗೆದುಕೊಂಡು, ಮೆಲ್ಲಗೆ ಒಮ್ಮೆ ಮೇಲಕ್ಕೆತ್ತಿ ಇಳಿಸಿದರು. ಬಿಡಲಿಲ್ಲ.

ಈ ವೃತ್ತಾಂತವನ್ನು ಹೇಳುತ್ತಿದ್ದವನು ಆ ಸಾಲಿನಲ್ಲಿ ನಿಲ್ಲಲು ಒಪ್ಪದೆ, ತನ್ನ ಕತೆಯ ಚೀಲದ ಬಾಯಿ ಬಿಗಿದು, ಹಿಂಬಾಗಿಲಿನಿಂದ ಮಗುಚಿಟ್ಟ ದೋಣಿಗಳ ನಡುವೆ ಹಾದು, ರಸ್ತೆ ಹಿಡಿದನು.